ಮೊದಲು ಅಡಿಟಿಪ್ಪಣಿ, ಆಮೇಲೆ ಕಾಗದ: ಅಮೆರಿಕದ ‘ಫ್ರಸ್’ ಸಂಪುಟಗಳು ಗಡಿನಾಡಿನ ಓದುಗರಿಗೆ ಎಷ್ಟು ಉಪಯೋಗ?

1971ರ ಬಾಂಗ್ಲಾ ಯುದ್ಧದಲ್ಲಿ ಅಮೆರಿಕ ಏನು ಮಾಡಿತು ಎಂದು ಕೇಳಿದರೆ ಕಾಸರಗೋಡು ಜಿಲ್ಲೆಯ ಉಪ್ಪಳ ಪೇಟೆಯ ಚಹಾದಂಗಡಿಯಲ್ಲೂ ಉತ್ತರ ಸಿಗುತ್ತದೆ: ಏಳನೆಯ ನೌಕಾಪಡೆಯನ್ನು ಕಳಿಸಿತು. ಹಾಗೆ ಕಳಿಸಲು ಹೇಳಿದವರು ಯಾರು, ಬೇಡ ಎಂದವರು ಯಾರು, ಆ ಹೊತ್ತಿಗೆ ಅವರ ಮೇಜಿನ ಮೇಲೆ ಯಾವ ವರದಿ ಇತ್ತು ಎಂದು ಮುಂದುವರಿಸಿದರೆ ಮಾತು ನಿಂತುಹೋಗುತ್ತದೆ. ಈ ಎರಡನೆಯ ಬಗೆಯ ಪ್ರಶ್ನೆ ಇಟ್ಟುಕೊಂಡವರಿಗೆ ಒಂದು ಪುಕ್ಕಟೆ ಸೇವೆ ಇದೆ. ಅಮೆರಿಕದ ವಿದೇಶಾಂಗ ಇಲಾಖೆಯ ಇತಿಹಾಸ ಕಚೇರಿ ನಡೆಸುವ ಹಿಸ್ಟರಿ ಡಾಟ್ ಸ್ಟೇಟ್ ಡಾಟ್ ಗವ್ ಎಂಬ ತಾಣ, ಅದರೊಳಗಿನ ‘ಫಾರಿನ್ ರಿಲೇಷನ್ಸ್ ಆಫ್ ದಿ ಯುನೈಟೆಡ್ ಸ್ಟೇಟ್ಸ್’ ಎಂಬ ದಾಖಲೆ ಮಾಲೆ. ಓದುಗರ ಬಾಯಲ್ಲಿ ಅದು ‘ಫ್ರಸ್’. 1861ರಲ್ಲಿ, ಲಿಂಕನ್ ಕಾಲದಲ್ಲಿ ಶುರುವಾದದ್ದು. ಇಂದಿಗೆ 450ಕ್ಕೂ ಹೆಚ್ಚು ಸಂಪುಟಗಳು. ದುಡ್ಡಿಲ್ಲ, ನೋಂದಣಿ ಇಲ್ಲ, ಒಟಿಪಿ ಇಲ್ಲ.

ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಅಂತಾರಾಷ್ಟ್ರೀಯ ಸಂಬಂಧ ಓದುವವರು, ನೆಟ್ ಪರೀಕ್ಷೆಗೆ ಕೂತವರು, ಕನ್ನಡದಲ್ಲಿ ಇತಿಹಾಸದ ಲೇಖನ ಬರೆಯುವವರು ಇದನ್ನು ಬಳಸಬೇಕು. ಪ್ಲಸ್ ಟು ಮಕ್ಕಳಿಗೆ ಇದು ಭಾರ. ಪರೀಕ್ಷೆಗೆ ಎರಡು ದಿನ ಇರುವಾಗ ತೆರೆಯುವ ಜಾಗವಂತೂ ಅಲ್ಲ.

ಸರ್ಕಾರವೇ ಆರಿಸಿ ಕೊಟ್ಟ ಕಾಗದವನ್ನು ನಂಬುವುದು ಹೇಗೆ ಎಂಬ ಅನುಮಾನ ಸಹಜ, ಅದಕ್ಕೆ ಕಾರಣವೂ ಇದೆ. 1989ರಲ್ಲಿ ಇರಾನ್ ಕುರಿತ 1952–54ರ ಸಂಪುಟ ಬಂದಾಗ, ಅಲ್ಲಿನ ಪ್ರಧಾನಿ ಮೊಸಾದ್ದೆಕ್ ಸರ್ಕಾರವನ್ನು ಉರುಳಿಸುವುದರಲ್ಲಿ ಸಿಐಎ ವಹಿಸಿದ ಪಾತ್ರವೇ ಅದರಲ್ಲಿ ಇರಲಿಲ್ಲ. ಈ ಮಾಲೆಯ ಸಲಹಾ ಸಮಿತಿಯ ಅಧ್ಯಕ್ಷ ವಾರೆನ್ ಕೋಹೆನ್ 1990ರಲ್ಲಿ ರಾಜೀನಾಮೆ ಕೊಟ್ಟು ಹೊರನಡೆದರು. ಆ ಗದ್ದಲದ ಫಲವಾಗಿ 1991ರ ಅಕ್ಟೋಬರಿನಲ್ಲಿ ಕಾನೂನು ಬಂತು: ಘಟನೆ ನಡೆದು 30 ವರ್ಷದೊಳಗೆ ಸಂಪುಟ ಹೊರಬರಬೇಕು, ಬೇಹುಗಾರಿಕೆ ಸಂಸ್ಥೆಗಳೂ ತಮ್ಮ ಕಡತ ತೋರಿಸಬೇಕು, ಪ್ರಕಟವಾದದ್ದು ಸಮಗ್ರವೂ ನಿಖರವೂ ಆಗಿರಬೇಕು. ಇರಾನಿನ ತಿದ್ದುಪಡಿ ಸಂಪುಟ ಬಂದದ್ದು 2017ರಲ್ಲಿ. ಆದ್ದರಿಂದ ಯಾವ ಸಂಪುಟ ತೆರೆದರೂ ಮೊದಲು ನೋಡಬೇಕಾದದ್ದು ಘಟನೆಯ ವರ್ಷವಲ್ಲ, ಪ್ರಕಟಣೆಯ ವರ್ಷ. 1991ಕ್ಕೆ ಮುಂಚಿನದಾದರೆ ಒಂದು ಕಣ್ಣು ಅನುಮಾನಕ್ಕೆ ಮೀಸಲಿಡಿ. 30 ವರ್ಷದ ಗಡುವೂ ಕಾಗದದ ಮೇಲಿನದೇ. ರೇಗನ್ ಕಾಲದ ಹಲವು ಸಂಪುಟಗಳು ಇನ್ನೂ ಬಂದಿಲ್ಲ.

ಹೊಸಬರು ಸಾಮಾನ್ಯವಾಗಿ ದಾಖಲೆಯ ಮೈಯನ್ನು ಮಾತ್ರ ಓದಿ ಎದ್ದುಬಿಡುತ್ತಾರೆ. ಫ್ರಸ್‌ನ ಜೀವ ಇರುವುದು ಮೊದಲ ಅಡಿಟಿಪ್ಪಣಿಯಲ್ಲಿ. ಕಾಗದ ಯಾವ ಸಂಗ್ರಹದ ಯಾವ ಪೆಟ್ಟಿಗೆಯಿಂದ ಬಂತು, ಗೋಪ್ಯತೆಯ ಮುದ್ರೆ ಯಾವುದು, ಕರಡು ಬರೆದವರು ಯಾರು, ಅಧ್ಯಕ್ಷರು ನೋಡಿದ ಗುರುತು ಇದೆಯೇ, ಅಂಚಿನಲ್ಲಿ ಕೈಬರಹ ಇದೆಯೇ, ಇಷ್ಟೂ ಅಲ್ಲಿರುತ್ತದೆ. ‘ನೋಡಿಸ್’ ಎಂದಿದ್ದರೆ ಹೆಸರಿಸಿದವರ ಕೈ ಬಿಟ್ಟು ಬೇರೆ ಯಾರಿಗೂ ಹೋಗಬಾರದ ತಂತಿ. ‘ಲಿಮ್‌ಡಿಸ್’ ಎಂದರೆ ಸ್ವಲ್ಪ ಸಡಿಲ. ಅಧ್ಯಕ್ಷರ ಮೇಜಿಗೇ ತಲುಪದ ಟಿಪ್ಪಣಿಯನ್ನು ‘ಅಮೆರಿಕದ ನಿರ್ಧಾರ’ ಎಂದು ಬರೆದುಬಿಡುವ ತಪ್ಪು ಹುಟ್ಟುವುದು ಇದನ್ನು ಓದದೇ ಇರುವುದರಿಂದ.

ಇದಕ್ಕೆ ಒಳ್ಳೆಯ ಪಾಠ 1969–76 ಸರಣಿಯ ಹನ್ನೊಂದನೆಯ ಸಂಪುಟದಲ್ಲೇ ಇದೆ: ‘ಸೌತ್ ಏಷ್ಯಾ ಕ್ರೈಸಿಸ್, 1971’, ಪ್ರಕಟಣೆ 2005. ಅದರಲ್ಲಿ ಎರಡು ಕಾಗದಗಳನ್ನು ಅಕ್ಕಪಕ್ಕ ಇಟ್ಟು ಓದಿ. ಮೊದಲನೆಯದು 1971ರ ಏಪ್ರಿಲ್ 6ರಂದು ಢಾಕಾದ ಅಮೆರಿಕನ್ ಕಾನ್ಸುಲೇಟ್ ಕಳಿಸಿದ ತಂತಿ. ಪೂರ್ವ ಪಾಕಿಸ್ತಾನದಲ್ಲಿ ನಡೆಯುತ್ತಿದ್ದ ಕೊಲೆಗಳ ಬಗ್ಗೆ ತಮ್ಮ ಸರ್ಕಾರ ಬಾಯಿ ಮುಚ್ಚಿಕೊಂಡಿದೆ, ಈ ನೀತಿಗೆ ನಮ್ಮ ಒಪ್ಪಿಗೆ ಇಲ್ಲ ಎಂದು 20 ಮಂದಿ ಅಧಿಕಾರಿಗಳು ಹೆಸರು ಹಾಕಿ ಕಳಿಸಿದ್ದು. ಕಾನ್ಸುಲ್ ಜನರಲ್ ಆರ್ಚರ್ ಬ್ಲಡ್ ಹೆಸರಿನಲ್ಲಿ ಇದು ಪ್ರಸಿದ್ಧ. ಆದರೆ ಸೂಕ್ಷ್ಮ ಒಂದಿದೆ: ಬ್ಲಡ್ ಆ ಹೇಳಿಕೆಗೆ ಸಹಿ ಹಾಕಲಿಲ್ಲ. ಕಚೇರಿಯ ಮುಖ್ಯಸ್ಥನಾಗಿ ಸಹಿ ಹಾಕುವುದು ಸರಿಯಲ್ಲ, ಅಭಿಪ್ರಾಯ ಮಾತ್ರ ನನ್ನದೂ ಇದೇ ಎಂದು ಕೊನೆಯಲ್ಲಿ ಬೇರೆಯಾಗಿ ಸೇರಿಸಿದರು. ಕನ್ನಡ ಲೇಖನಗಳಲ್ಲಿ ‘ಬ್ಲಡ್ ಬರೆದು ಸಹಿ ಮಾಡಿದ ತಂತಿ’ ಎಂದು ಬರುವುದು ಪೂರ್ತಿ ಓದದೇ ಇದ್ದುದಕ್ಕೆ.

ಎರಡನೆಯದು ಏಪ್ರಿಲ್ 28ರಂದು ರಾಷ್ಟ್ರೀಯ ಭದ್ರತಾ ಸಲಹೆಗಾರ ಕಿಸಿಂಜರ್ ಅಧ್ಯಕ್ಷ ನಿಕ್ಸನ್‌ಗೆ ಕೊಟ್ಟ ಟಿಪ್ಪಣಿ. ಪಾಕಿಸ್ತಾನದ ಜೊತೆ ಹೇಗೆ ನಡೆದುಕೊಳ್ಳಬಹುದು ಎಂಬ ಮೂರು ದಾರಿಗಳನ್ನು ಅದು ಅಚ್ಚುಕಟ್ಟಾಗಿ ವಿವರಿಸುತ್ತದೆ. ನಿಕ್ಸನ್ ಒಂದಕ್ಕೆ ಗುರುತು ಹಾಕಿ ಕೆಳಗೆ ಕೈಬರಹದಲ್ಲಿ ಬರೆದರು: ಎಲ್ಲರಿಗೂ, ಸದ್ಯ ಯಾಹ್ಯಾನನ್ನು ಹಿಂಡಬೇಡಿ. ‘ಬೇಡಿ’ ಎಂಬ ಅರ್ಥ ಕೊಡುವ ಪದದ ಕೆಳಗೆ ಮೂರು ಗೆರೆ. ಆ ಮೂರು ಗೆರೆಯನ್ನು ಬಿಟ್ಟರೆ ಟಿಪ್ಪಣಿ ಬರೀ ಸಾಧಕ ಬಾಧಕಗಳ ಪಟ್ಟಿ. ಅವು ಯಾಕೆ ಎಂಬುದಕ್ಕೆ ಉತ್ತರ ಈ ಸಂಪುಟದಲ್ಲಿ ಪೂರ್ತಿ ಸಿಗುವುದಿಲ್ಲ, ಚೀನಾ ಕುರಿತ ಹದಿನೇಳನೆಯ ಸಂಪುಟಕ್ಕೆ ಹೋಗಬೇಕು. ಕಿಸಿಂಜರ್ ಪಾಕಿಸ್ತಾನದ ಮೂಲಕ ಗುಟ್ಟಾಗಿ ಬೀಜಿಂಗಿಗೆ ಹೋದದ್ದು ಅದೇ ಜುಲೈ 9ಕ್ಕೆ. ನಡುವಿನ ಸೇತುವೆ ಪಾಕಿಸ್ತಾನದ ಅಧ್ಯಕ್ಷ ಯಾಹ್ಯಾ ಖಾನ್. ಒಂದೇ ವಿಷಯವನ್ನು ಎರಡು ಸಂಪುಟದಲ್ಲಿ ಹಂಚಿಟ್ಟಿರುವುದು ಈ ಮಾಲೆಯ ದೊಡ್ಡ ಅನಾನುಕೂಲ. ಕೊಂಡಿಗಳು ಅಡಿಟಿಪ್ಪಣಿಯಲ್ಲಿ ಇವೆ, ಹುಡುಕಿಕೊಳ್ಳುವ ತಾಳ್ಮೆ ಓದುಗನದು.

ಹುಡುಕು ಪೆಟ್ಟಿಗೆಯನ್ನು ನಂಬಿದವರು ಮೊದಲ ದಿನವೇ ಎಡವುತ್ತಾರೆ. ದಾಖಲೆಗಳಲ್ಲಿ ಇರುವುದು ಆ ಕಾಲದ ಕಾಗುಣಿತ. ಢಾಕಾಕ್ಕೆ ಈಗ ಎಚ್ ಸೇರಿಸಿ ಬರೆಯುತ್ತೇವೆ. ಆಗ ಡಿ, ಎ, ಎರಡು ಸಿ, ಎ. ಬೀಜಿಂಗ್ ಅಲ್ಲ, ಪೀಕಿಂಗ್. ಚೆನ್ನೈ ಅಲ್ಲ, ಮದ್ರಾಸ್. ಕರ್ನಾಟಕ ಬೇಕಿದ್ದರೆ 1973ಕ್ಕೆ ಮುಂಚೆ ಮೈಸೂರು. ಎರಡು ಮೂರು ಕಾಗುಣಿತದಲ್ಲಿ ಹುಡುಕಿ, ವರ್ಷದ ಮಿತಿ ಹಾಕಿ. ಅದಕ್ಕಿಂತ ಒಳ್ಳೆಯ ದಾರಿ, ಹುಡುಕು ಪೆಟ್ಟಿಗೆಯನ್ನು ಬದಿಗಿಟ್ಟು ಅಧ್ಯಕ್ಷರ ಹೆಸರಿನಡಿ ಸಂಪುಟಕ್ಕೆ ಹೋಗಿ, ಮುನ್ನುಡಿ, ಸಂಕ್ಷೇಪಾಕ್ಷರಗಳ ಪಟ್ಟಿ, ವ್ಯಕ್ತಿಗಳ ಪಟ್ಟಿ ಈ ಮೂರನ್ನು ಓದಿಕೊಂಡೇ ದಾಖಲೆಗೆ ಇಳಿಯುವುದು.

ಸಂಪುಟದ ಸಂಖ್ಯೆಯಲ್ಲೂ ಗುಂಡಿ ಇದೆ. ಅಚ್ಚಿನ ಸಂಪುಟಗಳಿಗೆ ರೋಮನ್ ಅಂಕಿ, ಅಂತರ್ಜಾಲಕ್ಕೆಂದೇ ಮಾಡಿದವಕ್ಕೆ ‘ಇ’ ಅಕ್ಷರ. ದಕ್ಷಿಣ ಏಷ್ಯಾ 1969–72ರ ಹೆಚ್ಚುವರಿ ದಾಖಲೆ ಇರುವುದು ಇ-7ರಲ್ಲಿ. ಇ ಬಿಟ್ಟು ಏಳನೆಯದನ್ನು ಇಳಿಸಿಕೊಂಡರೆ ಕೈಗೆ ಬರುವುದು ವಿಯೆಟ್ನಾಂ. ಇಂದಿರಾ ಗಾಂಧಿಯವರ ಬಗ್ಗೆ ನಿಕ್ಸನ್, ಕಿಸಿಂಜರ್ ಆಡಿದ ಕೊಳಕು ಮಾತುಗಳ ಧ್ವನಿಮುದ್ರಿಕೆಯ ಬರಹರೂಪ ಇರುವುದೂ ಈ ಇ-7ರಲ್ಲೇ. 2005ರಲ್ಲಿ ಅದು ಹೊರಬಿದ್ದಾಗ ಕಿಸಿಂಜರ್ ವಿಷಾದ ಹೇಳಬೇಕಾಯಿತು.

ಇನ್ನು ಗಡಿಯಾರ. ತಂತಿಯ ತಲೆಯಲ್ಲಿ ‘0730ಜೆಡ್’ ಎಂದಿದ್ದರೆ ಅದು ಗ್ರೀನಿಚ್ ಸಮಯ. ಐದೂವರೆ ಗಂಟೆ ಕೂಡಿಸಿ, ನಮ್ಮ ಮಧ್ಯಾಹ್ನ ಒಂದು ಗಂಟೆ. ವಾಷಿಂಗ್ಟನ್ ಸಭೆಗಳ ನಡಾವಳಿಯಲ್ಲಿ ಇರುವುದು ಅಲ್ಲಿನ ಸಮಯ, ಚಳಿಗಾಲದಲ್ಲಿ ನಮಗಿಂತ ಹತ್ತೂವರೆ ಗಂಟೆ ಹಿಂದೆ. 1971ರ ಡಿಸೆಂಬರ್ 3ರಂದು ಪಾಕಿಸ್ತಾನದ ವಿಮಾನಗಳು ನಮ್ಮ ನೆಲೆಗಳ ಮೇಲೆ ದಾಳಿ ಮಾಡಿದ್ದು ಸಂಜೆ ಐದೂ ನಲವತ್ತರ ಹೊತ್ತಿಗೆ. ಅದೇ ತಾರೀಕಿನ ಬೆಳಿಗ್ಗೆ ವಾಷಿಂಗ್ಟನ್ನಿನಲ್ಲಿ ಯುದ್ಧದ ಬಗ್ಗೆ ಸಭೆ ಕೂತದ್ದನ್ನು ಓದಿ, ‘ನೋಡಿ, ಇವರಿಗೆ ಮೊದಲೇ ಗೊತ್ತಿತ್ತು’ ಎಂದು ಸಂಚು ಕಟ್ಟುವವರಿದ್ದಾರೆ. ನಮ್ಮ ಸಂಜೆ ಐದೂ ನಲವತ್ತು ಎಂದರೆ ಅಲ್ಲಿ ಬೆಳಿಗ್ಗೆ ಏಳೂ ಹತ್ತು, ಅಷ್ಟೆ. ಅಂದಹಾಗೆ, ಅಧ್ಯಕ್ಷರು ಪಾಕಿಸ್ತಾನದ ಕಡೆ ವಾಲಬೇಕು ಎನ್ನುತ್ತಿದ್ದಾರೆ ಎಂದು ಕಿಸಿಂಜರ್ ಹೇಳಿದ್ದು ಆ ಸಭೆಯಲ್ಲೇ. ಪತ್ರಕರ್ತ ಜ್ಯಾಕ್ ಆಂಡರ್ಸನ್ ಕೆಲವೇ ವಾರಗಳಲ್ಲಿ ಅದನ್ನು ಹೊರಗೆಳೆದು 1972ರ ಪುಲಿಟ್ಜರ್ ಪಡೆದರು.

ಆರ್ಥಿಕ ವಿಷಯಕ್ಕೆ ಬಂದರೆ ತಪ್ಪುಗಳು ಇನ್ನೂ ದುಬಾರಿ. 1976ರವರೆಗೆ ಅಮೆರಿಕದ ಹಣಕಾಸು ವರ್ಷ ಜುಲೈ 1ರಿಂದ ಜೂನ್ 30. ಆಮೇಲೆ ಅಕ್ಟೋಬರ್ 1ರಿಂದ ಸೆಪ್ಟೆಂಬರ್ 30. ನಡುವೆ 1976ರ ಜುಲೈಯಿಂದ ಸೆಪ್ಟೆಂಬರ್‌ವರೆಗಿನ ಮೂರು ತಿಂಗಳು ಯಾವ ವರ್ಷಕ್ಕೂ ಸೇರದೆ ಬೇರೆಯೇ ಉಳಿದಿದೆ. ‘ಹಣಕಾಸು ವರ್ಷ 1966’ ಎಂದರೆ 1965ರ ಜುಲೈಯಿಂದ ಲೆಕ್ಕ. ಇದನ್ನು ನಮ್ಮ ಏಪ್ರಿಲ್–ಮಾರ್ಚ್ ವರ್ಷದ ಜೊತೆ ನೇರ ಹೋಲಿಸಿದರೆ ಒಂದು ಇಡೀ ಮಳೆಗಾಲವೇ ಹೆಚ್ಚು ಕಡಿಮೆ ಆಗುತ್ತದೆ. ಗೋಧಿಯ ಬುಷೆಲ್ ಎಂದರೆ 60 ಪೌಂಡು, ಸುಮಾರು 27.2 ಕಿಲೊ. ಟನ್ನಿನಲ್ಲಿ ಅಮೆರಿಕದ ಗಿಡ್ಡ ಟನ್ನು 907 ಕಿಲೊ, ಬ್ರಿಟಿಷರ ಉದ್ದ ಟನ್ನು 1,016. ಯಾವ ಟನ್ನು ಎಂದು ನೋಡದೆ ಕೂಡಿಸಿದರೆ ನೂರಕ್ಕೆ ಹನ್ನೆರಡರಷ್ಟು ವ್ಯತ್ಯಾಸ. ಗೇರುಬೀಜದ ವ್ಯಾಪಾರ ಗೊತ್ತಿದ್ದವರಿಗೆ ಈ ಪೌಂಡಿನ ಲೆಕ್ಕ ಹೊಸದಲ್ಲ. ‘ಡಬ್ಲ್ಯೂ 320’ ಎಂದರೆ ಪೌಂಡಿಗೆ 300ರಿಂದ 320 ಬೀಜ ಎಂದು ಇಲ್ಲಿನ ಕಾರ್ಖಾನೆಯ ಹೆಂಗಸರೂ ಹೇಳುತ್ತಾರೆ.

ಗೋಧಿ ಎಂದಾಗ 1964–68 ಸರಣಿಯ ಇಪ್ಪತ್ತೈದನೆಯ ಸಂಪುಟ, ‘ಸೌತ್ ಏಷ್ಯಾ’. ಇಡೀ ಮಾಲೆಯಲ್ಲಿ ಕನ್ನಡ ಓದುಗರಿಗೆ ಒಂದೇ ಒಂದು ಸಂಪುಟ ಸೂಚಿಸಬೇಕಾದರೆ 1971ರದ್ದಲ್ಲ, ಇದು. ಪಿ.ಎಲ್. 480 ಎಂದು ನಮ್ಮ ಹಿರಿಯರು ಕರೆಯುವ ಅಮೆರಿಕದ ಆಹಾರ ನೆರವಿನ ಕಾನೂನಿಗೆ ಅಧ್ಯಕ್ಷ ಐಸೆನ್‌ಹೋವರ್ ಸಹಿ ಹಾಕಿದ್ದು 1954ರ ಜುಲೈ 10ರಂದು. ಅದರ ಮೊದಲನೆಯ ಟೈಟಲ್, ಅಂದರೆ ಭಾಗದ ಪ್ರಕಾರ ಗೋಧಿಯನ್ನು ರೂಪಾಯಿಗೆ ಮಾರುವುದು. ಶಾಲೆಗಳಲ್ಲಿ ಕೇರ್ ಸಂಸ್ಥೆ ಹಂಚಿದ ಹಾಲಿನ ಪುಡಿ, ಹಳದಿ ಉಪ್ಪಿಟ್ಟಿನ ಬಗೆಯ ದಾನ ಬರುತ್ತಿದ್ದುದು ಬೇರೆ ಟೈಟಲಿನಲ್ಲಿ. 1966ರ ತಿದ್ದುಪಡಿಯವರೆಗೆ ಮೂರನೆಯದು, ಆಮೇಲೆ ಎರಡನೆಯದು. ಎರಡನ್ನೂ ಕಲಸಿ ‘ಅಮೆರಿಕ ಪುಕ್ಕಟೆ ಗೋಧಿ ಕೊಟ್ಟಿತು’ ಎನ್ನುವುದು ತಪ್ಪು. ದೊಡ್ಡ ಪಾಲು ಮಾರಾಟವೇ.

ಈ ಸಂಪುಟದಲ್ಲಿ ಕಾಣುವ ಅಧ್ಯಕ್ಷ ಜಾನ್ಸನ್, ದನವನ್ನು ಗೂಟಕ್ಕೆ ಗಿಡ್ಡ ಹಗ್ಗದಲ್ಲಿ ಕಟ್ಟಿದ ಯಜಮಾನ. 1965ರ ನಂತರ ವರ್ಷಗಟ್ಟಲೆ ಒಪ್ಪಂದ ಬಿಟ್ಟು ತಿಂಗಳ ಲೆಕ್ಕದಲ್ಲಿ ಹಡಗು ಬಿಟ್ಟರು. ಪ್ರತಿ ಸಲವೂ ತಾವೇ ಸಹಿ ಹಾಕುವೆ ಎಂದರು. ಮಳೆ ಕೈಕೊಟ್ಟ ವರ್ಷಗಳವು. ಅಮೆರಿಕದ ಕೃಷಿ ಕಾರ್ಯದರ್ಶಿ ಆರ್ವಿಲ್ ಫ್ರೀಮನ್ ಮತ್ತು ನಮ್ಮ ಆಹಾರ ಸಚಿವ ಸಿ. ಸುಬ್ರಮಣ್ಯಂ 1965ರ ನವೆಂಬರಿನಲ್ಲಿ ರೋಮ್‌ನಲ್ಲಿ ಗುಟ್ಟಾಗಿ ಮಾಡಿಕೊಂಡ ಒಪ್ಪಂದ, 1966ರ ಮಾರ್ಚಿನಲ್ಲಿ ಇಂದಿರಾ ವಾಷಿಂಗ್ಟನ್ ಭೇಟಿ, ಜೂನ್ 6ರಂದು ಡಾಲರಿಗೆ 4.76 ಇದ್ದ ರೂಪಾಯಿ 7.50ಕ್ಕೆ ಇಳಿದದ್ದು, ಅದರ ಮುಂದಿನ ತಿಂಗಳು ಮಾಸ್ಕೋದಲ್ಲಿ ವಿಯೆಟ್ನಾಂ ಬಾಂಬ್ ದಾಳಿಯ ಖಂಡನೆ, ಹಗ್ಗ ಮತ್ತೆ ಬಿಗಿದದ್ದು: ಈ ಸರಪಳಿಯನ್ನು ತಾರೀಕಿನ ಕ್ರಮದಲ್ಲಿ ಓದಿದರೆ ಹಸಿರು ಕ್ರಾಂತಿಯ ಹಿಂದಿನ ಒತ್ತಡ ಕಾಣುತ್ತದೆ. ಜಾನ್ಸನ್ ಕೆಟ್ಟವರೇ, ಬುದ್ಧಿವಂತರೇ ಎಂಬ ತೀರ್ಪನ್ನು ಸಂಪಾದಕರು ಕೊಡುವುದಿಲ್ಲ. ಜಾನ್ಸನ್ ಅವರ ಸ್ವಂತ ಅಧಿಕಾರಿಗಳೇ ‘ಇನ್ನು ತಡಮಾಡಿದರೆ ಹಡಗುಗಳ ಸಾಲಿನಲ್ಲಿ ತೆರಪು ಬೀಳುತ್ತದೆ’ ಎಂದು ಅಂಗಲಾಚುವ ಟಿಪ್ಪಣಿಗಳನ್ನು ಮಾತ್ರ ಮುಂದಿಡುತ್ತಾರೆ. ಅದು ಸಾಕು.

ಹೀಗೆ ಗೋಧಿ ಮಾರಿ ಕೂಡಿಬಿದ್ದ ರೂಪಾಯಿಯ ಕತೆ 1974ರ ಫೆಬ್ರವರಿಯಲ್ಲಿ ಮುಗಿಯಿತು. ಅಮೆರಿಕದ ರಾಯಭಾರಿ ಮೊಯ್ನಿಹಾನ್ 1,664 ಕೋಟಿ ರೂಪಾಯಿಯ ಒಂದೇ ಚೆಕ್ ಬರೆದು ಭಾರತಕ್ಕೆ ಮರಳಿಸಿದರು. ಅದಕ್ಕೆ ಮೊದಲು ಇದೇ ಹಣದಲ್ಲಿ 1962ರಿಂದ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ದೆಹಲಿಯ ಕಚೇರಿ ಮೂಲಕ ಭಾರತೀಯ ಭಾಷೆಗಳ ಪುಸ್ತಕ ಕೊಂಡು ಅಲ್ಲಿನ ವಿಶ್ವವಿದ್ಯಾಲಯಗಳಿಗೆ ಹಂಚಿತು. ಕನ್ನಡ ಪುಸ್ತಕಗಳು ಅಷ್ಟು ದೂರದ ಕಪಾಟು ಸೇರಿದ್ದರ ಹಿಂದೆ ಗೋಧಿ ಇದೆ.

ಗಲ್ಫ್ ಹಣ ಕಂಡ ಜಿಲ್ಲೆಯವರು 1969–76 ಸರಣಿಯ ಮೂವತ್ತಾರನೆಯ ಸಂಪುಟವನ್ನೂ ನೋಡಬಹುದು, 1969–74ರ ಇಂಧನ ಬಿಕ್ಕಟ್ಟು. ಮಂಜೇಶ್ವರದಿಂದ ತೃಕ್ಕರಿಪುರದವರೆಗೆ ಎದ್ದ ಮನೆಗಳ ಮೂಲ ಹುಡುಕುತ್ತ ಹೋದರೆ 1973ರ ಅಕ್ಟೋಬರಿಗೆ ಬಂದು ನಿಲ್ಲಬೇಕು: ಬ್ಯಾರಲ್ಲಿಗೆ ಸುಮಾರು 3 ಡಾಲರ್ ಇದ್ದ ಕಚ್ಚಾತೈಲ 1974ರ ಜನವರಿಗೆ 11.65 ಡಾಲರ್. ಇದರ ಜೊತೆ ಅದೇ ಸರಣಿಯ ಮೂರನೆಯ ಸಂಪುಟ, ಔನ್ಸಿಗೆ 35 ಡಾಲರ್ ದರದಲ್ಲಿ ಚಿನ್ನ ಕೊಡುವುದನ್ನು 1971ರ ಆಗಸ್ಟ್ 15ರಂದು ನಿಕ್ಸನ್ ನಿಲ್ಲಿಸಿದ ಕಾಲದ್ದು. ಡಾಲರ್ ಬೆಲೆ ಇಳಿದದ್ದಕ್ಕೂ ತೈಲ ದೇಶಗಳ ಅಸಮಾಧಾನಕ್ಕೂ ನಂಟು ಇರುವುದರಿಂದ ಈ ಎರಡನ್ನು ಜೋಡಿಯಾಗಿ ಓದಿ. ಮೂರನೆಯದು ಒಣ ಓದು. ಹಣಕಾಸಿನ ಅಭ್ಯಾಸ ಇಲ್ಲದವರು ಐವತ್ತು ಪುಟಕ್ಕೆ ಸುಸ್ತಾಗುತ್ತಾರೆ.

ಏನಿಲ್ಲ ಎಂಬುದನ್ನೂ ಹೇಳಬೇಕು. ನೀಲೇಶ್ವರದಿಂದ ಗೆದ್ದ ಕಮ್ಯುನಿಸ್ಟ್ ನಾಯಕ ಇ.ಎಂ.ಎಸ್. 1957ರಲ್ಲಿ ಕೇರಳದ ಮುಖ್ಯಮಂತ್ರಿಯಾದದ್ದು, 1959ರ ಜುಲೈ 31ರಂದು ಆ ಸರ್ಕಾರ ವಜಾ ಆದದ್ದು ವಾಷಿಂಗ್ಟನ್ನಿನ ನಿದ್ದೆ ಕೆಡಿಸಿದ ವಿಷಯ. ಆಸಕ್ತಿ ಇದ್ದವರು 1955–57ರ ಎಂಟನೆಯ, 1958–60ರ ಹದಿನೈದನೆಯ ಸಂಪುಟಗಳನ್ನು ತಡಕಬಹುದು. ಆದರೆ ಹಣದ ಜಾಡು ಅಲ್ಲಿ ಸಿಗುತ್ತದೆಂದು ಹೋಗಬೇಡಿ. ಕಮ್ಯುನಿಸ್ಟರ ಗೆಲುವು ತಡೆಯಲು ಒಮ್ಮೆ ಕೇರಳದಲ್ಲಿ, ಒಮ್ಮೆ ಪಶ್ಚಿಮ ಬಂಗಾಳದಲ್ಲಿ ಕಾಂಗ್ರೆಸ್ಸಿಗೆ ಹಣ ಕೊಟ್ಟೆವು ಎಂದು 1978ರಲ್ಲಿ ಬರೆದದ್ದು ಅದೇ ಮೊಯ್ನಿಹಾನ್, ತಮ್ಮ ನೆನಪುಗಳಲ್ಲಿ.

ಪಠ್ಯದ ನಡುವೆ ಚೌಕ ಕಂಸದಲ್ಲಿ ‘ಒಂದೂವರೆ ಸಾಲು ಗೋಪ್ಯ’ ಎಂಬರ್ಥದ ಗುರುತುಗಳು ಬರುತ್ತವೆ. ಎಷ್ಟು ಕತ್ತರಿಸಿದ್ದಾರೆ ಎಂಬ ಅಳತೆಯನ್ನಾದರೂ ಹೇಳುವುದು ಒಳ್ಳೆಯ ರೂಢಿ. ಭಾರತ ಸರ್ಕಾರದ ಒಳಗಿನ ಕಡತ ಇಲ್ಲಿ ಇರುವುದಿಲ್ಲ. ಮಾತುಕತೆಯಲ್ಲಿ ಇಂದಿರಾ ಹೇಳಿದ್ದೆಲ್ಲ ಅಮೆರಿಕದ ಗುಮಾಸ್ತ ಬರೆದುಕೊಂಡ ಹಾಗೆ. ಅದಕ್ಕೆ ಇಂದಿರಾ ಅವರ ಕಾರ್ಯದರ್ಶಿಯಾಗಿದ್ದ ಪಿ.ಎನ್. ಹಕ್ಸರ್ ಕಾಗದಗಳಿಗೆ ದೆಹಲಿಯ ತೀನ್‌ಮೂರ್ತಿ ಗ್ರಂಥಾಲಯಕ್ಕೆ ಹೋಗಬೇಕು, ಅಥವಾ ರಾಷ್ಟ್ರೀಯ ಅಭಿಲೇಖಾಗಾರದ ಅಭಿಲೇಖ್ ಪಟಲ್ ತಾಣದಲ್ಲಿ ಹುಡುಕಬೇಕು. ಅಮೆರಿಕದ ಒಳ ರಾಜಕೀಯಕ್ಕೂ ಫ್ರಸ್ ಅಲ್ಲ. ಅಧ್ಯಕ್ಷರ ಭಾಷಣಗಳಿಗೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂಟಾ ಬಾರ್ಬರಾ ಶಾಖೆಯ ಪ್ರೆಸಿಡೆನ್ಸಿ ಪ್ರಾಜೆಕ್ಟ್, ಬೆಲೆ ಬಡ್ಡಿಗಳ ಅಂಕಿಗೆ ಸೇಂಟ್ ಲೂಯಿಸ್ ಫೆಡರಲ್ ರಿಸರ್ವ್‌ನ ‘ಫ್ರೆಡ್’. ಎರಡೂ ಪುಕ್ಕಟೆ.

ಬಳಕೆಯ ಮಾತು. ಮುಳ್ಳೇರಿಯ, ಪಾಣತ್ತೂರಿನಂಥ ರೇಂಜ್ ಬಂದು ಹೋಗುವ ಜಾಗದಲ್ಲಿ ಒಂದೊಂದೇ ದಾಖಲೆ ತೆರೆಯುತ್ತ ಕೂರಬೇಡಿ. ಸಂಪುಟದ ಮುಖಪುಟದಲ್ಲೇ ಇ-ಪುಸ್ತಕ ಇಳಿಸಿಕೊಳ್ಳುವ ಕೊಂಡಿ ಇದೆ. ಪೇಟೆಗೆ ಹೋದಾಗ ಇ-ಪಬ್ ಇಳಿಸಿಕೊಂಡರೆ ಕರೆಂಟ್ ಹೋದ ಆಟಿಯ ರಾತ್ರಿಯಲ್ಲೂ ಓದಬಹುದು. ಪಿಡಿಎಫ್‌ಗಿಂತ ಅದು ಹಗುರ, ಮೊಬೈಲಿನಲ್ಲಿ ಅಕ್ಷರ ದೊಡ್ಡದಾಗುತ್ತದೆ. ಯಂತ್ರಾನುವಾದಕ್ಕೆ ಕೊಟ್ಟು ಕನ್ನಡದಲ್ಲಿ ಓದುವುದು ಅಪಾಯ. ‘ಟೇಬಲ್’ ಮಾಡುವುದು ಎಂದರೆ ಭಾರತದ ಸಂಸತ್ತಿನಲ್ಲಿ ಮಂಡಿಸುವುದು, ಅಮೆರಿಕದಲ್ಲಿ ಬದಿಗೆ ಸರಿಸುವುದು. ತದ್ವಿರುದ್ಧ ಅರ್ಥ, ಯಂತ್ರಕ್ಕೆ ಅದು ತಿಳಿಯುವ ಖಾತರಿ ಇಲ್ಲ.

ಅದೇ ತಾಣದಲ್ಲಿ ‘ಮೈಲ್‌ಸ್ಟೋನ್ಸ್’ ಎಂಬ ಚಿಕ್ಕ ಚಿಕ್ಕ ಲೇಖನಗಳಿವೆ. ಓದಲು ಸಲೀಸು, ಆದ್ದರಿಂದ ವಿದ್ಯಾರ್ಥಿಗಳು ಅಲ್ಲಿಂದಲೇ ಎತ್ತಿ ಬರೆಯುತ್ತಾರೆ. ಅವನ್ನು ಈಗ ನಿರ್ವಹಿಸುತ್ತಿಲ್ಲ ಎಂದು ಕಚೇರಿಯೇ ಪುಟದ ತಲೆಯಲ್ಲಿ ಹಾಕಿದೆ, ಉಲ್ಲೇಖಿಸಬೇಡಿ. ಅಧ್ಯಕ್ಷರ ವಿದೇಶ ಪ್ರವಾಸದ ಪಟ್ಟಿ ಮಾತ್ರ ನಂಬಿಗಸ್ತ: 1978ರ ಜನವರಿಯಲ್ಲಿ ಕಾರ್ಟರ್ ಬಂದುಹೋದ ಮೇಲೆ 2000ದ ಮಾರ್ಚಿನಲ್ಲಿ ಕ್ಲಿಂಟನ್ ಬರುವವರೆಗೆ ಒಬ್ಬ ಅಧ್ಯಕ್ಷರೂ ಭಾರತದ ನೆಲ ಮೆಟ್ಟಲಿಲ್ಲ ಎಂಬುದು ಅಲ್ಲಿ ಎರಡು ನಿಮಿಷದಲ್ಲಿ ಸಿಗುತ್ತದೆ.

ಪ್ರಬಂಧದಲ್ಲಿ ಆಧಾರ ಕೊಡುವಾಗ ಪುಟಸಂಖ್ಯೆ ಬೇಡ, ಇ-ಪುಸ್ತಕದಲ್ಲಿ ಅದು ನಿಲ್ಲುವುದಿಲ್ಲ. ಸರಣಿಯ ವರ್ಷ, ಸಂಪುಟ, ದಾಖಲೆ ಸಂಖ್ಯೆ, ಈ ಮೂರು ಸಾಕು. ಇಂಥ ಸಂಪುಟ ಬಂದಿದೆಯೇ ಎಂಬ ಅನುಮಾನವಿದ್ದರೆ ‘ಸ್ಟೇಟಸ್ ಆಫ್ ದಿ ಸೀರೀಸ್’ ಪುಟ ತೆರೆಯಿರಿ: ಪ್ರಕಟವಾದದ್ದು, ಗೋಪ್ಯತೆ ತೆರವಿಗೆ ಕಾದಿರುವುದು, ಇನ್ನೂ ಸಂಶೋಧನೆಯಲ್ಲಿರುವುದು ಎಂದು ಸಂಪುಟವಾರು ಬರೆದಿರುತ್ತದೆ. ರೇಗನ್ ಕಾಲದ ಮೇಲೆ ಪ್ರಬಂಧ ಆರಿಸಿಕೊಳ್ಳುವವರು ವಿಷಯ ನೋಂದಾಯಿಸುವ ಮೊದಲೇ ಈ ಪುಟ ನೋಡಿಕೊಳ್ಳಿ.